ಕೊಡೆ ಮರೆತ ರಾಜ

ಎಲ್ಲದಕ್ಕೂ ಕಾರಣ ಒಂದು ಕೊಡೆ.

ಮೂರು ತಲೆಮಾರು ಓದಿದ್ದ ಐತಿಹಾಸಿಕ ಕಾದಂಬರಿಯೊಂದು ಮರುಮುದ್ರಣವಾಗುತ್ತಿತ್ತು. ಅದರಲ್ಲಿ ಮಾತಿಗೊಮ್ಮೆ ಇಣುಕುವ ಹಳೆಯ ರಾಜರು, ಹಳೆಯ ಕಾವ್ಯಗಳು ಯಾವುವೆಂದು ಪುಟದ ಕೆಳಗೆ ಟಿಪ್ಪಣಿ ಬರೆಯುವ ಕೆಲಸ ಕರಡು ತಿದ್ದುವವನ ತಲೆಗೆ ಬಿದ್ದಿತ್ತು. ಪುಣ್ಯಕ್ಕೆ ಎಲ್ಲವೂ ಒಬ್ಬ ಪ್ರೊಫೆಸರರ ದಪ್ಪ ಇತಿಹಾಸದಲ್ಲಿ ಸಿಕ್ಕಿದ್ದವು. ಒಂದು ಸಾಲು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ: ‘ಕೊಡೆ ಮರೆತ ರಾಜನಂತೆ ಸೇನಾಪತಿ ಬಾಗಿಲಲ್ಲೇ ನಿಂತ.’

“ಸಂಜೆಯೊಳಗೆ ಮುಗಿಸಿದ್ರೆ ರಜ, ಇಲ್ಲಾಂದ್ರೆ ಇಲ್ಲ,” ಎಂದಿದ್ದರು ಸಂಪಾದಕರು. ಮರುದಿನ ಬಾಮೈದನ ಮದುವೆಗೆ ಹೊರಡಬೇಕು. “ಈ ಸಲವೂ ಕೈಕೊಟ್ರೆ ನಾನೊಬ್ಳೇ ಹೋಗ್ತೀನಿ ರೀ. ವಾಪಸ್ ಬರೋದು ಆಮೇಲೆ ನೋಡೋಣ,” ಎಂದು ಹೆಂಡತಿ ತಣ್ಣಗೆ ಹೇಳಿದ್ದಳು. ಆ ತಣ್ಣಗಿನ ದನಿಯೇ ಅವನಿಗೆ ಭಯ.

ಅವನು ಆ ಸಾಲನ್ನು ಗಟ್ಟಿಯಾಗಿ ಓದಿದ್ದು ಕೇಳಿ ಕಚೇರಿಯ ಲೆಕ್ಕ ಬರೆಯುವವರು ಕುರ್ಚಿ ಎಳೆದುಕೊಂಡು ಬಂದರು. “ಆ ರಾಜನಾ? ಮಹಾ ಜಿಪುಣ ಕಣ್ರೀ. ಕೊಡೆಗೇ ಕೊರಗಿ ಸತ್ತ.”

“ಸತ್ತಿಲ್ಲ, ಯುದ್ಧಕ್ಕೆ ಹೋದ,” ಎಂದರು ಟೈಪಿಸ್ಟ್ ಅಕ್ಕ. “ನಮ್ಮಜ್ಜಿ ಹೇಳ್ತಿದ್ರು.”

ಇಬ್ಬರೂ ಜಗಳವಾಡುತ್ತಾ ಅವನ ಚಹಾ ಕುಡಿದು ಮುಗಿಸಿದರು. ಹೊತ್ತು ಇಳಿಯಿತು. ಬೇರೆ ದಾರಿ ಕಾಣದೆ ಅವನು ಕಣ್ಣುಮುಚ್ಚಿ ಬರೆದೇಬಿಟ್ಟ: ‘ಸಂಧಾನಕ್ಕೆ ಹೋದ ರಾಜನೊಬ್ಬ ಶತ್ರುವಿನ ಅರಮನೆಯಲ್ಲಿ ಕೊಡೆ ಮರೆತು, ಕೇಳಲು ನಾಚಿ, ಯುದ್ಧವನ್ನೇ ಸಾರಿದನು.’

ಸಂಪಾದಕರು ಭೇಷ್ ಎಂದು ರಜದ ಚೀಟಿಗೆ ಪೆನ್ನು ತೆಗೆದರು. ಅಷ್ಟರಲ್ಲಿ ಊರುಗೋಲು ಕುಟ್ಟುತ್ತಾ ಸಾಕ್ಷಾತ್ ಕಾದಂಬರಿಕಾರರೇ ಒಳಗೆ ಬಂದರು. ಕರಡು ತಿರುವಿ ನಕ್ಕರು.

“ಈ ಕೊಡೆ ಕತೆ ನೀವೇ ಕಟ್ಟಿದ್ದಾ?”

ಅವನು ಎದ್ದು ನಿಂತ. “ತಪ್ಪಾಯ್ತು ಸಾರ್.”

“ಆ ರಾಜ ನಿಜವಾಗ್ಲೂ ಇದ್ದ ಕಣಪ್ಪ. ಮಾವ ಕೊಟ್ಟಿದ್ದ ಕೊಡೆ ಎಲ್ಲೋ ಮರೆತು, ರಾಣಿಗೆ ಹೇಗೆ ಮುಖ ತೋರಿಸೋದು ಅಂತ ಬಾಗಿಲಲ್ಲೇ ನಿಂತಿದ್ದ.”

“ಅದೊಂದೇ ತಾನೇ ಸಾರ್, ಈಗ್ಲೇ ತಿದ್ತೀನಿ.”

“ಅದಲ್ಲ. ಮಿಕ್ಕ ರಾಜರನ್ನೆಲ್ಲ ನಾನೇ ಹುಟ್ಟಿಸಿದ್ದು. ಅವರಿಗೆ ಆಧಾರ ಎಲ್ಲಿ ಸಿಕ್ತು ನಿಮಗೆ?”

ಅವನು ದಪ್ಪ ಇತಿಹಾಸ ಮುಂದಿಟ್ಟ. ಮುದುಕರು ಎರಡು ಹಾಳೆ ಮಗುಚಿದರು. “ಓಹೋ, ಪ್ರೊಫೆಸರು ನನ್ನ ಕಾದಂಬರಿ ಓದಿಯೇ ಇತಿಹಾಸ ಬರೆದಿದ್ದಾರೆ.”

ಸಂಪಾದಕರು ರಜದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಎಲ್ಲಾ ಮೊದಲಿಂದ ಬರೀರಿ,” ಎಂದರು.

ಸಂಜೆ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೆಂಡತಿ ಪೆಟ್ಟಿಗೆಗೆ ಅವನ ಅಂಗಿ ಮಡಚಿಡುತ್ತಾ ಹಾಡಿಕೊಳ್ಳುತ್ತಿದ್ದಳು. ಅವನು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಅಲ್ಲೇ ನಿಂತ. ಆ ಸಾಲಿಗೆ ಈಗ ಅವನಿಗೆ ಯಾವ ಟಿಪ್ಪಣಿಯೂ ಬೇಕಿರಲಿಲ್ಲ.