ಭಾವನವರ ಕ್ಯಾಮೆರಾ ಪಾರಾಯಣ

ಹುಟ್ಟುವುದಕ್ಕೆ ಮುಂಚೆ ಓದಿಕೊಳ್ಳಿ ಎಂದು ಯಾರಾದರೂ ಒಂದು ಮ್ಯಾನ್ಯುಯಲ್ ಕೊಟ್ಟಿದ್ದರೆ ನಮ್ಮ ಭಾವನವರು ಇನ್ನೂ ಹುಟ್ಟಿರುತ್ತಿರಲಿಲ್ಲ! ಮೂರನೆಯ ಅಧ್ಯಾಯದ ಅಡಿಟಿಪ್ಪಣಿಯಲ್ಲಿ ಏನೋ ಸಂಶಯ ಬಂದು, ಅದು ಪರಿಹಾರವಾಗುವ ತನಕ ಹೊರಗೆ ಬರುವುದಿಲ್ಲವೆಂದು ಒಳಗೇ ಕೂತಿರುತ್ತಿದ್ದರು. ಇದು ಉತ್ಪ್ರೇಕ್ಷೆ ಎಂದು ನಿಮಗೆ ಅನ್ನಿಸಿದರೆ, ಪೋರ್ಟರ್ ರ್ಯಾಂಚ್ ಬಡಾವಣೆಯ ಅವರ ಮನೆಗೆ ಹೊಸ ರೈಸ್ ಕುಕ್ಕರ್ ಬಂದ ದಿನ ನೀವು ಅಲ್ಲಿಗೆ ಊಟಕ್ಕೆ ಹೋಗಿರಲಿಲ್ಲವೆಂದೇ ಅರ್ಥ.

ನಾನು ಹೋಗಿದ್ದೆ. ಅಕ್ಕ ಅಕ್ಕಿ ತೊಳೆದು ಕಾಯುತ್ತಿದ್ದಳು. ಹುಳಿ ಕುದಿದು, ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರಿತ್ತು. ಭಾವನವರು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತು "ಕುಕ್ಕರನ್ನು ಸ್ನಾನದ ತೊಟ್ಟಿಯಲ್ಲಿ ಬಳಸಬಾರದು" ಎಂಬ ವಾಕ್ಯದವರೆಗೆ ಬಂದಿದ್ದರು.

"ಭಾವ, ನಾವು ಅಡುಗೆಮನೇಲೇ ಬಳಸ್ತೀವಿ, ಆ ಪುಟ ಹಾರಿಸಿಬಿಡಿ" ಎಂದೆ.

"ಹಾರಿಸೋಕೆ ಇದೇನು ಕಾದಂಬರೀನಾ?" ಎಂದರು.

ಆ ದಿನ ನಾವು ಹುಳಿಗೆ ಬ್ರೆಡ್ ಅದ್ದಿಕೊಂಡು ತಿಂದೆವು. ಕುಕ್ಕರು ಮರುದಿನ ಬೆಳಿಗ್ಗೆ ಸಕಲ ಶಾಸ್ತ್ರೋಕ್ತವಾಗಿ ಪ್ರಾರಂಭವಾಯಿತು. ಅನ್ನ ಚೆನ್ನಾಗಿಯೇ ಆಗಿತ್ತಂತೆ. ಲಾಂಗ್ ಬೀಚಿನಲ್ಲಿರುವ ನನಗೆ ಅದಕ್ಕಾಗಿ ಮತ್ತೆ ನಾನೂರೈದನೇ ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೋಗುವ ಶಕ್ತಿ ಇರಲಿಲ್ಲ.

ಇಂಥ ಮಹನೀಯರು ಒಂದು ಕ್ಯಾಮೆರಾ ಕೊಂಡರೆ ಏನಾಗಬಹುದು?

ಕೊಂಡದ್ದಕ್ಕೊಂದು ಕಾರಣವಿತ್ತು. ಕೋವಿಡ್ ಇನ್ನೂ ಪೂರ್ತಿ ತೊಲಗಿರದ ಆ ಕಾಲದಲ್ಲಿ ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಮಗಳು ಸ್ಯಾನ್ ಡಿಯಾಗೋದಲ್ಲಿರುವುದರಿಂದ ಚಿಕಿತ್ಸೆ ಅಲ್ಲಿಯೇ ಎಂದಾಯಿತು. ಮೊದಲ ಸುತ್ತಿನಲ್ಲೇ ಅಕ್ಕನ ಕೂದಲು ಹೋಯಿತು. ಸೊಂಟ ಮುಟ್ಟುವ ಜಡೆಯನ್ನು ಅಷ್ಟು ವರ್ಷ ಮೆರೆಸಿದ ಅಕ್ಕ ತಲೆಗೊಂದು ಹತ್ತಿಯ ಟೋಪಿ ಎಳೆದುಕೊಂಡು ಅಪ್ಪಣೆ ಹೊರಡಿಸಿದಳು: "ಡಾಕ್ಟರು ಪೂರ್ತಿ ಗುಣ ಆಯ್ತು ಅನ್ನೋವರೆಗೂ ನನ್ನ ಫೋಟೋ ಯಾರೂ ತೆಗೀಕೂಡದು. ಕಾಯಿಲೆ ಮುಖ ಮನೆ ಆಲ್ಬಮ್ಮಲ್ಲಿ ಇರಕೂಡದು, ಅಷ್ಟೇ."

ಭಾವನವರು ಆ ರಾತ್ರಿಯೇ ಆರ್ಡರ್ ಹಾಕಿದರು. ಮರುವಾರ ಕ್ಯಾಮೆರಾ ಬಂತು. ಫೋನಿನಲ್ಲಿ ತೆಗೆಯುವ ಫೋಟೋ ಫೋಟೋವೇ ಅಲ್ಲವಂತೆ. ಅಕ್ಕನಿಗೆ ಗುಣವಾದ ದಿನ ತೆಗೆಯುವುದು ಈ ಕ್ಯಾಮೆರಾದ ಮೊಟ್ಟಮೊದಲ ಚಿತ್ರವಾಗಬೇಕಂತೆ. ಅಲ್ಲಿಯವರೆಗೆ ಶಟರ್ ಗುಂಡಿಯನ್ನು ಯಾರೂ ಒತ್ತುವ ಹಾಗಿಲ್ಲ. ಮೆನುಗಳನ್ನು ತೆರೆದು ನೋಡಬಹುದು, ಮುಚ್ಚಬಹುದು. ಒತ್ತುವ ಹಾಗಿಲ್ಲ! ಕೊಳದ ದಡದಲ್ಲಿ ಪುಸ್ತಕ ಹಿಡಿದು ಕೂತು ಈಜು ಕಲಿಯುವ ಈ ಪದ್ಧತಿಯನ್ನು ಕಂಡು ಮಗಳು ತಲೆ ಚಚ್ಚಿಕೊಂಡಳು. "ಡ್ಯಾಡ್, ಜಸ್ಟ್ ಪುಟ್ ಇಟ್ ಆನ್ ಆಟೋ!" ಎಂದಳು. ಆಟೋ ಎಂಬ ಶಬ್ದ ಕೇಳಿ ಭಾವನವರ ಮುಖದಲ್ಲಿ ಮೂಡಿದ ವೇದನೆಯನ್ನು ನಾನು ವರ್ಣಿಸಲಾರೆ.

ಕ್ಯಾಮೆರಾದ ಪೆಟ್ಟಿಗೆಯಲ್ಲಿ ಈಗೆಲ್ಲ ಒಂದು ತೆಳು ಹಾಳೆ ಮಾತ್ರ ಇರುತ್ತದೆ. ಪೂರ್ಣ ಪಾಠ ಇಂಟರ್‌ನೆಟ್ಟಿನಲ್ಲಿ. ಭಾವನವರು ಅದಷ್ಟನ್ನೂ ಪ್ರಿಂಟ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ತಂದರು. ಗ್ರಂಥವು ಕ್ಯಾಮೆರಾಕ್ಕಿಂತ ಭಾರವಾಗಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಕುಡಿದು, ಪೆನ್ಸಿಲ್ ಹಿಡಿದು ಪಾರಾಯಣಕ್ಕೆ ಕೂರುತ್ತಿದ್ದರು. ಪಾರಾಯಣವೆಂದರೆ ಪಾರಾಯಣವೇ. ಮಧ್ಯದಲ್ಲಿ ಎದ್ದರೆ ಆ ಅಧ್ಯಾಯ ಮತ್ತೆ ಮೊದಲಿಂದ.

ನಾನು ಗುಂಡಿ ಒತ್ತಿ ನೋಡುವ ಪಂಥದವನು. ಯಾವ ಯಂತ್ರವಾದರೂ ಹತ್ತು ಕಡೆ ಒತ್ತಿದರೆ ಒಂದು ಕಡೆಯಾದರೂ ಮನಸ್ಸು ಕರಗಿ ಕೆಲಸ ಮಾಡುತ್ತದೆ ಎಂಬುದು ನಮ್ಮ ಸಿದ್ಧಾಂತ. ಹೀಗಾಗಿ ನಮ್ಮಿಬ್ಬರಿಗೂ ವಾಗ್ವಾದ ತಪ್ಪುತ್ತಿರಲಿಲ್ಲ.

"ಅಲ್ಲ ಭಾವ, ಕಾರು ಓಡಿಸೋದನ್ನ ನಾನು ಕಾರಿನ ಮ್ಯಾನ್ಯುಯಲ್ ಓದಿ ಕಲಿತೆನಾ? ಚೆನ್ನಾಗೇ ಓಡಿಸ್ತಾ ಇಲ್ವಾ?"

"ಓಡಿಸ್ತೀಯಪ್ಪಾ, ಯಾರು ಇಲ್ಲ ಅಂದೋರು. ಆದ್ರೆ ನಿನ್ನ ಕಾರಿನ ಗಡಿಯಾರ ವರ್ಷದಲ್ಲಿ ಅರ್ಧ ಕಾಲ ಒಂದು ಗಂಟೆ ತಪ್ಪು ತೋರಿಸುತ್ತಲ್ಲ, ಅದನ್ನ ತಿರುಗಿಸೋದು ಹೇಗೆ ಅಂತ ಗೊತ್ತಾ?"

ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನವೆಂಬರಿನಲ್ಲಿ ಈ ದೇಶವೇ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ ಅದು ಮತ್ತೆ ತಾನೇ ಸರಿಹೋಗುತ್ತದೆ, ನಾನು ಕಾಯುತ್ತೇನೆ.

ಸ್ಯಾನ್ ಡಿಯಾಗೋಗೆ ಹೋಗುವ ದಿನ ಅವರು ನಸುಕಿನಲ್ಲೇ ಹೊರಟು ಲಾಂಗ್ ಬೀಚಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಸ್ಟಿಯರಿಂಗ್ ನನ್ನದು. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಮುಂದಿನ ಸೀಟಿನಲ್ಲಿ ಭಾವನವರು, ಅವರ ತೊಡೆಯ ಮೇಲೆ ಗ್ರಂಥ. ಆಗಿನ ನಿಯಮದಂತೆ ಆಸ್ಪತ್ರೆಯ ಒಳಗೆ ರೋಗಿಗೆ ಮಾತ್ರ ಪ್ರವೇಶ. ಬಾಗಿಲಿನ ತನಕ ಅಕ್ಕನ ಕೈಚೀಲ ಹಿಡಿದುಕೊಂಡು ಹೋಗಿ, ಅಲ್ಲಿ ಅದನ್ನು ಅವಳ ಕೈಗೆ ಕೊಟ್ಟು, ಭಾವನವರು ಪಾರ್ಕಿಂಗ್ ಲಾಟಿಗೆ ವಾಪಸು ಬರುತ್ತಿದ್ದರು. ಕಾರಿನಲ್ಲಿ ಕೂತು ನನಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಿದ್ದರು. ಸಾಯಂಕಾಲದವರೆಗೆ ಓದುತ್ತಿದ್ದರು. ಬೆಳಕು, ವೇಗ, ದೂರ, ಬ್ಯಾಟರಿಯನ್ನು ಬೆಂಕಿಗೆ ಹಾಕಿದರೆ ಆಗುವ ಅನಾಹುತ... ಶ್ರವಣ ಮಾತ್ರದಿಂದಲೇ ಮೋಕ್ಷ ಸಿಗುವುದಾದರೆ ನನಗೆ ಆ ಪಾರ್ಕಿಂಗ್ ಲಾಟಿನಲ್ಲೇ ಸಿಕ್ಕಿಬಿಡಬೇಕಿತ್ತು!

"ಭಾವ, ಈ ಪುಟ ಹೋದ ಸಲಾನೂ ಓದಿದ್ರಿ" ಎಂದೆ ಒಂದು ಸಲ.

"ಹೌದಾ?" ಎಂದು ಪುಟವನ್ನೊಮ್ಮೆ ನೋಡಿ, ಆಸ್ಪತ್ರೆಯ ಬಾಗಿಲನ್ನೊಮ್ಮೆ ನೋಡಿ, "ಮನನ ಆಗಬೇಕಯ್ಯಾ" ಎಂದು ಅದನ್ನೇ ಮುಂದುವರಿಸಿದರು. ಅದು ಫ್ಲ್ಯಾಶಿನ ಅಧ್ಯಾಯ. ಅವರ ಕ್ಯಾಮೆರಾಕ್ಕೆ ಫ್ಲ್ಯಾಶೇ ಇರಲಿಲ್ಲ.

ಹಾಗೂ ಹೀಗೂ ಚಿಕಿತ್ಸೆ ಮುಗಿಯಿತು. ಕೊನೆಯ ಸ್ಕ್ಯಾನು ನವರಾತ್ರಿ ಕಳೆದ ಮೇಲೆ ಎಂದು ಗೊತ್ತಾಯಿತು. ಅಕ್ಕನಿಗೆ ಓಡಾಡುವ ಚೈತನ್ಯ ಬಂದಿತ್ತು. ಬಂದದ್ದೇ ತಡ, ಆಯುಧಪೂಜೆಗೆ ಟೊಂಕ ಕಟ್ಟಿ ನಿಂತಳು. ಗ್ಯಾರೇಜಿನಲ್ಲಿ ಕಾರುಗಳ ಗಾಲಿಯ ಕೆಳಗೆ ನಿಂಬೆಹಣ್ಣು. ಲ್ಯಾಪ್‌ಟಾಪು, ಮಿಕ್ಸಿ, ಹೊಲಿಗೆ ಯಂತ್ರ, ಆ ಐತಿಹಾಸಿಕ ರೈಸ್ ಕುಕ್ಕರು, ಎಲ್ಲಕ್ಕೂ ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಕ್ಯಾಮೆರಾಕ್ಕೂ ಆಯಿತು. ಪೂಜೆಗಿಟ್ಟ ಸಾಮಾನನ್ನು ಅವತ್ತು ಮುಟ್ಟಬಾರದಲ್ಲ, ಭಾವನವರು ಒಂದು ದಿನದ ಪಾರಾಯಣವನ್ನೂ ಬಿಟ್ಟರು.

ವಿಜಯದಶಮಿಯ ಬೆಳಿಗ್ಗೆ ಕ್ಯಾಮೆರಾ ಆನ್ ಮಾಡಿದರೆ ಹಿಂದಿನ ಪರದೆ ಕಪ್ಪು! ಆಫ್ ಮಾಡಿ ಮತ್ತೆ ಆನ್ ಮಾಡಿದರು. ಕಪ್ಪು. ಬ್ಯಾಟರಿ ತುಂಬಿಸಿ ಹಾಕಿದರು. ಕಪ್ಪೇ ಕಪ್ಪು. ಹಬ್ಬಕ್ಕೆಂದು ಬಂದಿದ್ದ ನಾನು ನಮ್ಮ ಪಂಥದ ಸಕಲ ವಿದ್ಯೆಗಳನ್ನೂ ಪ್ರಯೋಗಿಸಲು ಮುಂದಾದೆ. ಒಂದೆರಡು ಸಲ ಅಲ್ಲಾಡಿಸೋಣ ಎಂದೆ. ಬೆನ್ನಿಗೆ ಮೆಲ್ಲಗೆ ತಟ್ಟೋಣ ಎಂದೆ. ಹೇರ್ ಡ್ರೈಯರ್ ತರಲೇ ಎಂದಾಗ ಭಾವನವರು ಕ್ಯಾಮೆರಾವನ್ನು ಎದೆಗವಚಿಕೊಂಡರು. ಫೋನಿನಲ್ಲಿ ಮಗಳು "ಜಸ್ಟ್ ರಿಟರ್ನ್ ಇಟ್, ಡ್ಯಾಡ್" ಎಂದಳು.

ಅಕ್ಕ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ನನ್ನ ಕೈಯಾರೆ ಪೂಜೆ ಮಾಡಿದೆ, ಹೀಗಾಯ್ತು" ಎಂದಳು. ಮುಂದಿನ ವಾರ ಸ್ಕ್ಯಾನು. ಮನೆಯಲ್ಲಿ ಎಲ್ಲರಿಗೂ ಒಂದೇ ಯೋಚನೆ ಬಂದಿತ್ತು. ಶಕುನವನ್ನು ನಂಬದ ನನಗೂ ಬಂದಿತ್ತು.

ಭಾವನವರು ಗ್ರಂಥವನ್ನು ಬಿಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತರು. ತುಟಿ ಅಲುಗುತ್ತಿತ್ತು, ಮನಸ್ಸಿನಲ್ಲೇ ಪುಟ ತಿರುಗಿಸುತ್ತಿದ್ದರು. ಆಮೇಲೆ ಎದ್ದು, ಪಂಚೆಯ ತುದಿಯಿಂದ ಕ್ಯಾಮೆರಾದ ಮೇಲುಭಾಗದಲ್ಲಿರುವ, ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕವನ್ನು ಒರೆಸಿದರು. ಪರದೆ ಝಗ್ಗನೆ ಬೆಳಗಿತು!

ಸಂಗತಿ ಇಷ್ಟೇ. ಆ ಕಿಂಡಿಯ ಹತ್ತಿರ ಕಡಲೆಬೇಳೆಯಷ್ಟು ಚಿಕ್ಕ ಕಪ್ಪು ಗಾಜಿದೆ. ಮನುಷ್ಯನ ಕಣ್ಣು ಸಮೀಪ ಬಂತೆಂದು ಅದಕ್ಕೆ ಗೊತ್ತಾದರೆ ಹಿಂದಿನ ಪರದೆಯನ್ನು ತಾನೇ ಆರಿಸುತ್ತದೆ. ಅಕ್ಕ ಗಂಧವಿಟ್ಟು ಅದರ ಮೇಲೆ ಕುಂಕುಮವಿಟ್ಟದ್ದು ಸರಿಯಾಗಿ ಆ ಗಾಜಿಗೇ. ಯಾರೋ ಕಣ್ಣಿಟ್ಟು ನೋಡುತ್ತಲೇ ಇದ್ದಾರೆಂದು ಪಾಪ, ಕ್ಯಾಮೆರಾ ಬೆಳಿಗ್ಗೆಯಿಂದ ನಂಬಿಕೊಂಡಿತ್ತು.

"ಹೋಗಿ ಹೋಗಿ ಕಣ್ಣಿಗೇ ಕುಂಕುಮ ಇಟ್ಟಿದ್ದೀಯಲ್ಲೇ!" ಎಂದರು ಭಾವನವರು.

ಅಕ್ಕನಿಗೆ ಹೋದ ಜೀವ ಬಂದಿತ್ತು. ಜೀವ ಬಂದ ಮೇಲೆ ಸುಮ್ಮನಿರುತ್ತಾಳೆಯೇ? "ರೀ, ದೇವರಿಗೆ ಹಣೆ ಎಲ್ಲಿದೆ, ಕಣ್ಣೆಲ್ಲಿದೆ ಅಂತ ನನಗೆ ಗೊತ್ತು. ನಿಮ್ಮ ಡಬ್ಬಕ್ಕೆ ಹಣೆ ಎಲ್ಲಿದೆ ಅಂತ ಅಷ್ಟು ದಪ್ಪ ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದಾರಾ?"

ಬರೆದಿರಲಿಲ್ಲ. ಭಾವನವರು ಎರಡು ಸಲ ಹುಡುಕಿ ಖಚಿತಪಡಿಸಿಕೊಂಡರು.

ಸ್ಕ್ಯಾನಿನ ಫಲಿತಾಂಶದ ದಿನ ಬಂತು. ಅಷ್ಟು ಹೊತ್ತಿಗೆ ನಿಯಮ ಸಡಿಲವಾಗಿ ನಮ್ಮನ್ನೂ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೂರಲು ಬಿಟ್ಟಿದ್ದರು. ಭಾವನವರ ಕೊರಳಲ್ಲಿ ಕ್ಯಾಮೆರಾ, ತೊಡೆಯ ಮೇಲೆ ಗ್ರಂಥ. ಅವತ್ತು ಗಟ್ಟಿಯಾಗಿ ಓದಲಿಲ್ಲ. ಪುಟವೂ ತಿರುಗಲಿಲ್ಲ. ಮಗಳು ಅಕ್ಕನ ಜೊತೆ ಡಾಕ್ಟರ ಕೋಣೆಗೆ ಹೋಗಿದ್ದಳು. ಬಾಗಿಲು ತೆರೆದು ಅವಳೇ ಮೊದಲು ಓಡಿ ಬಂದಳು. "ಡ್ಯಾಡ್, ಕ್ಲಿಯರ್! ಇಟ್ಸ್ ಆಲ್ ಕ್ಲಿಯರ್!" ಎಂದಳು. ಎಂದೂ ಕನ್ನಡದಲ್ಲಿ ಉತ್ತರಿಸದವಳು ಆಮೇಲೆ "ಏನೂ ಇಲ್ಲ ಅಪ್ಪಾ, ಏನೂ ಇಲ್ಲ" ಎಂದಳು.

ಹೊರಗೆ ಪಾರ್ಕಿಂಗ್ ಲಾಟಿಗೆ ಬಂದು ಅಕ್ಕ ಟೋಪಿ ತೆಗೆದಳು. ಹೊಸ ಕೂದಲು ಗುಂಗುರು ಗುಂಗುರಾಗಿ ಕಿವಿಯ ತನಕ ಬಂದಿತ್ತು. "ತೆಗೀರಿ ಈಗ" ಎಂದಳು.

ಭಾವನವರು ಅಣಿಯಾದರು. ಬೆಳಕು ನೋಡಿದರು, ಒಂದು ಚಕ್ರ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಒಬ್ಬರು ಕಾರು ಹೊರಗೆ ತೆಗೆದು ಹೋದರು, ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲಿಸಿದರು.

"ರೀ, ಜಡೆ ಬೆಳೆದ ಮೇಲೆ ತೆಗೀತೀರಾ?" ಎಂದು ಅಕ್ಕ ನಕ್ಕುಬಿಟ್ಟಳು. ಅದೇ ಕ್ಷಣ ಶಟರ್ ಬಿತ್ತು.

ಅಷ್ಟು ಕಾಲದ ಅಧ್ಯಯನದ ಫಲವನ್ನು ನೋಡಲು ಮೂವರೂ ಮುಗಿಬಿದ್ದೆವು. ಚಿತ್ರ ಓರೆಯಾಗಿತ್ತು. ಅಕ್ಕನ ಕಣ್ಣು ಮುಚ್ಚಿತ್ತು, ಬಾಯಿ ಪೂರ್ತಿ ತೆರೆದಿತ್ತು. ಹಿಂದೆ ಕಸದ ಡಬ್ಬವೊಂದು ಕೂದಲೆಳೆಯನ್ನೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು. ಎಣಿಸಲು ಅದಕ್ಕೆ ಕೂದಲಿರಲಿಲ್ಲ, ಅಷ್ಟೇ.

"ಅಯ್ಯೋ, ಥೂ! ಡಿಲೀಟ್ ಮಾಡ್ರೀ ಇದನ್ನ. ಇನ್ನೊಂದು ತೆಗೀರಿ" ಎಂದಳು ಅಕ್ಕ.

ಭಾವನವರು ಆತುರವಿಲ್ಲದೆ ಮೂರು ಗುಂಡಿ ಒತ್ತಿದರು. ಚಿತ್ರದ ಮೂಲೆಯಲ್ಲಿ ಪುಟಾಣಿ ಬೀಗದ ಕೈಯ ಗುರುತು ಮೂಡಿತು.

"ಏನು ಭಾವ ಅದು?"

"ಪ್ರೊಟೆಕ್ಟ್ ಅಂತ. ಇನ್ನು ಇವಳು ಎಷ್ಟು ಸಲ ಡಿಲೀಟ್ ಒತ್ತಿದ್ರೂ ಹೋಗಲ್ಲ" ಎಂದವರು ಸ್ವಲ್ಪ ತಡೆದು, "ಕಾರ್ಡು ಫಾರ್ಮ್ಯಾಟ್ ಆದ್ರೆ ಮಾತ್ರ ಬೀಗ ಹಾಕಿದ್ದೂ ಹೋಗುತ್ತೆ. ಅದನ್ನೂ ಬರೆದಿದ್ದಾರೆ" ಎಂದರು. ಕಾರ್ಡನ್ನು ಹೊರಕ್ಕೆ ತೆಗೆದು, ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿಕೊಂಡರು. ಕಾರ್ಡಿಲ್ಲದ ಕ್ಯಾಮೆರಾದಲ್ಲಿ ಇನ್ನೊಂದು ತೆಗೆಯುವ ಮಾತೆಲ್ಲಿ?

ವಾಪಸು ಬರುವಾಗ ಅಕ್ಕ ಹಿಂದಿನ ಸೀಟಿನಲ್ಲಿ ಬಾಯಿಬಿಟ್ಟುಕೊಂಡು ನಿದ್ದೆ ಹೋದಳು. ಎಡಗಡೆ ಸಮುದ್ರ ಹೊಳೆಯುತ್ತಿತ್ತು. ಭಾವನವರು ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಊರು ದಾಟಿ ಎಷ್ಟೋ ದೂರ ಬಂದ ಮೇಲೆ ಅವರ ತೊಡೆ ಖಾಲಿ ಇರುವುದು ನನ್ನ ಕಣ್ಣಿಗೆ ಬಿತ್ತು.

"ಭಾವ! ಮ್ಯಾನ್ಯುಯಲ್! ಆಸ್ಪತ್ರೆಯ ಕಾಯೋ ಕೋಣೇಲೇ ಬಿಟ್ಟು ಬಂದ್ರಿ!" ಎಂದು ಗಾಬರಿಯಲ್ಲಿ ಮುಂದಿನ ಎಕ್ಸಿಟಿಗೆ ಇಂಡಿಕೇಟರ್ ಹಾಕಿದೆ.

ಅವರು ಕೈ ಚಾಚಿ ಇಂಡಿಕೇಟರನ್ನು ಆರಿಸಿದರು.

"ಇರಲಿ ಬಿಡಯ್ಯಾ. ಅಲ್ಲಿ ಯಾರಾದ್ರೂ ಕಾಯ್ತಾ ಕೂತಿರ್ತಾರೆ. ಓದ್ಕೊಳ್ಳಿ."