ಬೂಟ್‌ಲೋಡರಿಗೆ ಬೇಡ ಎಂದದ್ದು

ಮೊಮ್ಮಕ್ಕಳೇ, ನಿಮ್ಮ ಅಜ್ಜಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಬಹಳ ಚೆನ್ನಾಗಿ ಬರುತ್ತಿತ್ತು!

ಗದಗ ಹೊಸ ಜಿಲ್ಲೆಯಾಗಿದ್ದ ಕಾಲ. ಹೆಣ್ಣುಮಕ್ಕಳಿಗೆಂದು ನಡೆದ ಹದಿನೈದು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು, ಒಂದೇ ಒಂದು ಪ್ರಶ್ನೆ ಕೇಳದೆ ಪಾಸಾಗಿದ್ದೆ. ಬೆಟಗೇರಿಯ ಮನೆಯಲ್ಲಿ ನಿಮ್ಮ ಅಜ್ಜ ಅಂಗಡಿಗೆಂದು ಕೊಂಡಿದ್ದ ಹಳೆಯ ಕಂಪ್ಯೂಟರ್ ಇತ್ತು. ನೆರೆಮನೆಯ ಹಸೀನಾಬಿ ತನ್ನ ಮಗಳ ಮದುವೆ ಪತ್ರಿಕೆಯನ್ನು ನನ್ನಿಂದ ಅದರಲ್ಲೇ ಬರೆಸಿದ್ದಳು. ಯಾವ ಕಾಕಾನ ಹೆಸರು ಮೊದಲು, ಯಾವ ಮಾಮಾನ ಹೆಸರು ಆಮೇಲೆ ಎಂದು ಮೂರು ದಿನ ಜಗಳವಾಡಿ ಗೊತ್ತು ಮಾಡಿದ ಪಟ್ಟಿ. ಬರೆದಾದ ಮೇಲೆ ಆ ಪಟ್ಟಿಯ ಕಾಗದವನ್ನು ನಾನೇ ಒಲೆಗೆ ಹಾಕಿದ್ದೆ. ಕಂಪ್ಯೂಟರ್ ಇರುವಾಗ ಕಾಗದವೇಕೆ!

ಶನಿವಾರ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕೊಡಬೇಕು. ಭಾನುವಾರ ಪತ್ರಿಕೆಗಳು ಲಕ್ಷ್ಮೇಶ್ವರದ ಬೀಗರ ಕೈ ಸೇರಬೇಕು. ಆದರೆ ಕಂಪ್ಯೂಟರ್ ತೆವಳುತ್ತಿತ್ತು. ಮೊದಲು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಹೊಸದಾಗಿ ಹಾಕಿಬಿಡೋಣ, ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ತರಬೇತಿಯ ಮಾಸ್ತರರು ಸಿ.ಡಿ. ಕೊಟ್ಟು, ಪ್ರತಿ ಪ್ರಶ್ನೆಗೂ ಉತ್ತರವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಡಿಸ್ಕಿನಲ್ಲಿ ಪತ್ರಿಕೆ ಇದ್ದ ಭಾಗವನ್ನು ಮುಟ್ಟಬೇಡಿ ಎಂದಿದ್ದರು. ಮುಟ್ಟಲಿಲ್ಲ.

ಕೊನೆಗೆ ಒಂದು ಪ್ರಶ್ನೆ ಬಂತು. ಬೂಟ್‌ಲೋಡರ್ ಹಾಕಲೇ? ಕಂಪ್ಯೂಟರ್ ಹಚ್ಚಿದಾಗ ಲಿನಕ್ಸನ್ನು ಎಬ್ಬಿಸಿ ಕರೆತರುವವನು ಅವನೇ. ನೋಟ್‌ಬುಕ್ಕಿನಲ್ಲಿ, 'ಕಡ್ಡಾಯವಲ್ಲ, ನಿಮ್ಮ ಇಚ್ಛೆ' ಎಂದಿತ್ತು.

ಕಳಸಾಪುರದ ನನ್ನ ತವರಿನಲ್ಲಿ, ಯಾರಾದರೂ ಏನನ್ನಾದರೂ ಕೊಡಲೇ ಎಂದರೆ ಮೊದಲ ಸಲಕ್ಕೆ ಹೂಂ ಅನ್ನುವುದು ನಾಚಿಕೆಗೇಡು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಕೈಹಿಡಿದು ಒತ್ತಾಯ ಮಾಡಿದಾಗ, ನಿಮ್ಮ ಸಮಾಧಾನಕ್ಕೆ ಎಂಬಂತೆ ತೆಗೆದುಕೊಳ್ಳಬೇಕು. ಹಾಗಾಗಿ ವಿನಯಪೂರ್ವಕವಾಗಿ 'ಬೇಡ' ಎಂಬುದನ್ನು ಒತ್ತಿದೆ.

ಅದು ಎರಡನೆಯ ಸಲ ಕೇಳಲೇ ಇಲ್ಲ!

ಆರಿಸಿ ಹಚ್ಚಿದೆ. ಪರದೆ ಕಪ್ಪು. ಮೂಲೆಯಲ್ಲಿ ಒಂದು ಗೆರೆ ಮಿಣಮಿಣ ಅನ್ನುತ್ತಿತ್ತು.

"ಅಕ್ಕಾರ, ಪತ್ರಿಕಿ ಆತೇನ್ರಿ?" ಹಸೀನಾಬಿ ಬಂದಳು.

"ಒಳಗ ಐತಿ."

"ಹೊರಗ ಯಾವಾಗ ಬರ್ತೈತಿ?"

"ಎಬ್ಬಸವ್ರು ಇಲ್ಲ."

ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು. "ಇನ್ನೊಮ್ಮೆ ಕಾಕಾ, ಮಾಮಾ ಎಲ್ಲಾರ್ನೂ ಕೂಡ್ಸಿ ಕೇಳಾಕ ಹೋದ್ರ ಲಗ್ನನ ಮುರೀತೈತ್ರಿ ಅಕ್ಕಾರ!"

ಕಂಪ್ಯೂಟರ್ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಗದಗಿನ ರಿಪೇರಿ ಅಂಗಡಿಗೆ ಓಡಿದೆವು. "ಆರಾಮಿಲ್ಲೇನ್ರಿ ಅವರಿಗೆ?" ಎಂದು ಆಟೋದವನು ಕೌದಿಯ ಕಡೆ ನೋಡಿ ಕೇಳಿದ.

ರಿಪೇರಿಯವರು ನಮ್ಮ ಸಿ.ಡಿ. ಹಾಕಿ ನೋಡಿ, "ಅವ್ವಾರ, ಬೂಟ್‌ಲೋಡರ್ ಯಾಕ ಬ್ಯಾಡ ಅಂದ್ರಿ?" ಎಂದರು.

"ಮತ್ತ ಕೇಳ್ತೈತಿ ಅಂದ್ಕೊಂಡಿದ್ದೆ," ಎಂದೆ ಸೆರಗಿನ ಮರೆಯಿಂದ.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ರಿಪೇರಿಯವರು ಮಾತ್ರ ನಗು ತಡೆದುಕೊಂಡು ಬೂಟ್‌ಲೋಡರ್ ಹಾಕಿದರು. ಅಷ್ಟರಲ್ಲಿ ಹನ್ನೊಂದೂವರೆ. ಪರದೆಯ ಮೇಲೆ ಲಿನಕ್ಸ್ ಹೆಸರು ಮೂಡಿತು. ಕೆಳಗೆ ಐದು, ನಾಲ್ಕು ಎಂದು ಅಂಕಿ ಇಳಿಯತೊಡಗಿತು.

"ಹೂಂ, ಎಂಟರ್ ಒತ್ರಿ ಅವ್ವಾರ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೆರಳು ಚಾಚಿದೆ. ನಾಚಿಕೆಯಾಗಿ ಹಿಂದಕ್ಕೆ ಎಳೆದುಕೊಂಡೆ. ಮೂರು, ಎರಡು, ಒಂದು... ನನಗಾಗಿ ಕಾದು ಸಾಕಾಗಿ ಅದು ತಾನೇ ತೆರೆದುಕೊಂಡಿತು! ಪತ್ರಿಕೆಯಲ್ಲಿ ಕಾಕಾಗಳು, ಮಾಮಾಗಳು ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿದ್ದರು.

ಹಸೀನಾಬಿ ಕಣ್ಣೊರೆಸಿಕೊಂಡು, ಪತ್ರಿಕೆ ತುಂಬಿಸಿದ ಫ್ಲಾಪಿಯನ್ನು ಎದೆಗೊತ್ತಿಕೊಂಡು ಹೇಳಿದಳು: "ಐದ ಎಣಸೂದ್ರಾಗ ನಿಮ್ಮ ಸ್ವಭಾವ ತಿಳ್ಕೊಂತಲ್ರಿ ಇದು! ನನಗ ಇಪ್ಪತ್ತ ವರ್ಷ ಬೇಕಾತು."