ನಮ್ಮ ಗೇಟನ್ನು ಮೊದಲು ತೆರೆಯದಿರುವ ಕುರಿತು

ಗಡಿ ಸುಂಕ ಇಲಾಖೆ, ತನಿಖಾ ಠಾಣೆ 7
ಕ್ರಮಾಂಕ: ಗಸುಇ/ಗೇಟು/ಮೊದಲು-ನೀವು/14
ವಿಷಯ: ನೆರೆ ದೇಶದ ಗೇಟಿಗಿಂತ ಮೊದಲು ನಮ್ಮ ಗೇಟನ್ನು ತೆರೆಯದಿರುವ ಬಗ್ಗೆ.
ಉಲ್ಲೇಖ: ಗೇಟ್ ಕಾವಲುಗಾರರ ವಿವರಣಾ ಪತ್ರ (ಒಂದು ಮೂಲೆ ಜೊಲ್ಲಿನಿಂದ ಒದ್ದೆಯಾಗಿದೆ).

ನೆರೆಯವರು ನಮ್ಮ ಹಗ್ಗದ ಮೇಲೆ ಸುಂಕ ಏರಿಸಿದ್ದರಿಂದ ನಾವು ಅವರ ಬಕೆಟ್ಟಿನ ಮೇಲೆ ಏರಿಸಿದ್ದು ಸರಿಯಷ್ಟೆ. ಪರಿಣಾಮವಾಗಿ ಇಲ್ಲಿ ಬಕೆಟ್ಟಿಲ್ಲ, ಅಲ್ಲಿ ಹಗ್ಗವಿಲ್ಲ. ಎರಡೂ ಠಾಣೆಗಳ ಬಾವಿಗಳು ತುಂಬಿದ್ದು, ಸಿಬ್ಬಂದಿ ಬಾಯಾರಿದ್ದಾರೆ. ಇದನ್ನು ಮುನ್ನಡೆ ಎಂದು ಪರಿಗಣಿಸಲಾಗಿದೆ.

1. ಗೇಟನ್ನು ಮೊದಲು ತೆರೆಯುವುದು ದೌರ್ಬಲ್ಯದ ಲಕ್ಷಣವಾದ್ದರಿಂದ, ಎದುರು ಗೇಟು ಒಂದು ಗೇಣು ಸರಿದ ನಂತರವೇ ನಮ್ಮದನ್ನು ತಳ್ಳತಕ್ಕದ್ದೆಂದು ಈ ಮೂಲಕ ಮತ್ತೊಮ್ಮೆ ಸೂಚಿಸಲಾಗಿದೆ. ತಪ್ಪಿದವರನ್ನು ಕೆಲಸದಿಂದ ವಜಾ ಮಾಡಲಾಗುವುದು. ಎದುರು ಇಲಾಖೆಯೂ ಇದೇ ಆದೇಶವನ್ನು ಅದೇ ದಿನ ಹೊರಡಿಸಿದ್ದರಿಂದ ನಾಲ್ಕು ದಿನ ಯಾವ ಗೇಟೂ ತೆರೆಯಲಿಲ್ಲ.

2. ಎದುರು ಕಾವಲುಗಾರರು ಆಕಳಿಸಿದರೆ ನಮ್ಮವರು ಆಕಳಿಸಕೂಡದು. ತಡೆಯಲಾಗದಿದ್ದಲ್ಲಿ ಬೆನ್ನು ತಿರುಗಿಸಬಹುದು. ಅದು ಹಿಮ್ಮೆಟ್ಟಿದಂತೆ ಕಾಣುವುದರಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.

3. ಎದುರು ಕಾವಲುಗಾರರು ನಮ್ಮ ಕಾವಲುಗಾರರ ಬೀಗರಾಗಿದ್ದು, ಇವರ ಮಗಳನ್ನು ಅವರ ಮಗನಿಗೆ ಕೊಟ್ಟಿರುವುದು ಕಡತದಲ್ಲಿದೆ. ಮದುವೆ ಸುಂಕ ವಿವಾದಕ್ಕಿಂತ ಹಿಂದಿನದಾದ್ದರಿಂದ ಮನ್ನಿಸಲಾಗಿದೆ. ಆದರೂ ಕರ್ತವ್ಯದ ವೇಳೆ "ಬೀಗರೇ" ಎನ್ನದೆ "ಎದುರು ಪಕ್ಷದವರೇ" ಎನ್ನತಕ್ಕದ್ದು. ತಮ್ಮ ಮಂಡಿನೋವಿನ ವಿಷಯ ಅವರೆದುರು ಬಾಯಿಬಿಡಕೂಡದು. ಗೇಟು ತಳ್ಳುವ ಶಕ್ತಿ ರಕ್ಷಣಾ ರಹಸ್ಯವಾಗಿರುತ್ತದೆ.

4. ಐದನೇ ದಿನ ಸದರಿ ಮಗಳು ಐದು ತಿಂಗಳ ಕೂಸನ್ನೆತ್ತಿಕೊಂಡು ತವರಿಗೆ ಬರಲೆಂದು ಬಕೆಟ್ ಲಾರಿಗಳ ಸಾಲಿನಲ್ಲಿ ಬಿಸಿಲಿಗೆ ನಿಂತಿದ್ದರು. ಕೂಸು ಅತ್ತಿತು. ಎರಡೂ ಗೇಟುಗಳು ತೆರೆದವು. ನಮ್ಮವರ ವಿವರಣೆ: "ಸಾರ್, ಈ ಸುಂಕದ ಜಗಳದಲ್ಲಿ ರಜೆ ಸಿಗ್ದೆ ಮೊಮ್ಮಗಳ ಮುಖ ಇನ್ನೂ ನೋಡಿರ್ಲಿಲ್ಲ. ಅಳೋದು ಕೇಳಿ ತಡ್ಕೊಳ್ಳೋಕಾಗ್ಲಿಲ್ಲ, ತಳ್ಳಿಬಿಟ್ಟೆ. ಬೀಗರೂ ತಳ್ಳಿದ್ರು. ಯಾರು ಮೊದಲು ಅಂತ ದೇವರಾಣೆಗೂ ಗೊತ್ತಿಲ್ಲ. ಕೆಲಸದಿಂದ ತೆಗೆಯೋದಾದ್ರೆ ತೆಗೀರಿ, ಅವಳನ್ನ ನೋಡಾಯ್ತು."

5. ತನಿಖಾ ಸಮಿತಿಯು ಘಟನೆಯನ್ನು ಎಂಟು ಬಾರಿ ಮರುನಡೆಸಿತು. ಕೂಸು ಅಳದಿದ್ದಾಗ ಗೇಟುಗಳು ಕದಲಲಿಲ್ಲ. ಅತ್ತಾಗಲೆಲ್ಲ ಒಟ್ಟಿಗೇ ತೆರೆದವು. ಈ ಗಡಿಬಿಡಿಯಲ್ಲಿ ಲಾರಿಗಳೆಲ್ಲ ದಾಟಿಕೊಂಡಿವೆ. ಮೊದಲಿಗರು ಸಿಗದ ಕಾರಣ ವಜಾ ಆದೇಶವು ಹೆಸರಿಲ್ಲದೆ ಕಪಾಟಿನಲ್ಲಿದೆ.

6. ಉಭಯ ದೇಶಗಳ ಮಾನ ಉಳಿಸುವ ಬೇರೆ ದಾರಿ ಕಾಣದ್ದರಿಂದ ಕೂಸನ್ನು ತಾತ್ಕಾಲಿಕ ಗೇಟ್ ಅಧಿಕಾರಿಯಾಗಿ ನೇಮಿಸಲಾಗಿದೆ. ಅಳು ಸ್ವಯಂಪ್ರೇರಿತವಾಗಿರತಕ್ಕದ್ದು, ಚಿವುಟಿದ ಅಜ್ಜನ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

7. ಅಧಿಕಾರಿಯು ತಾಯಿಸಮೇತ ವಾರದಲ್ಲಿ ಮೂರು ದಿನ ಇಲ್ಲಿಯೂ ಮೂರು ದಿನ ಅಲ್ಲಿಯೂ ಇರತಕ್ಕದ್ದು. ಏಳನೇ ದಿನವನ್ನು ಇಬ್ಬರು ಅಜ್ಜಂದಿರೂ ಬಿಟ್ಟುಕೊಡದ ಕಾರಣ, ಅಂದು ಎರಡೂ ಗೇಟುಗಳನ್ನು ತೆರೆದೇ ಇಡತಕ್ಕದ್ದು.

ಸಹಿ/-
ಠಾಣಾಧಿಕಾರಿ (ಗೇಟುಗಳು)

ಪ್ರತಿ:
1. ಎದುರು ಠಾಣೆಗೆ, ಅವರದು ಮೊದಲು ಬಂದ ನಂತರ ರವಾನಿಸಲು.
2. ಗೇಟ್ ಕಾವಲುಗಾರರಿಗೆ, ಕೂಸನ್ನು ಕೆಳಗಿಳಿಸಿದಾಗ ಸಹಿಗಾಗಿ.
3. ಗೇಟ್ ಅಧಿಕಾರಿಗೆ, ಮೊದಲ ಪ್ರತಿಯನ್ನು ಬಾಯಿಗೆ ಹಾಕಿಕೊಂಡಿದ್ದರಿಂದ ಎರಡನೆಯದು.